ಬೆಲ್ಟು ಬಿಚ್ಚಿಸಿದ ಗಿಟಾರು

ಊರಿನ ಅರ್ಧ ಜನ ನಗುವುದು ದಂತಪ್ಪನ ಹಲ್ಲಿನಿಂದ. ಅವನೇನು ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವನು ಕೂತು ಅದಕ್ಕೊಪ್ಪುವ ಹಲ್ಲಿನ ಸೆಟ್ಟು ಮಾಡುತ್ತಾನೆ. (ದಂತಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಹೆತ್ತವರು ಇಟ್ಟದ್ದು ಈಗ ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದಿದೆ.) ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ಅದರಲ್ಲಿ ಎರಡನೆಯವರ ಕಷ್ಟವನ್ನೆಲ್ಲ ದಂತಪ್ಪ ನೀಗಿಸಿದ್ದ. ಮೊದಲನೆಯವರ ಸಾಲಿನಲ್ಲಿ ಮಾತ್ರ ತಾನೇ ನಿಂತಿದ್ದ. ಅವನ ಪಾಲಿನ ಕಡಲೆ ಒಂದು ಗಿಟಾರು.

ಅಂತಿಂಥ ಗಿಟಾರಲ್ಲ. ಕಾಲೇಜಿನ ದಿನಗಳಲ್ಲಿ ರೂಮಿನ ಗೆಳೆಯನ ಗಿಟಾರು ಹಿಡಿದು ಒಂದು ಹಾಡಿನ ಮೊದಲ ಎರಡು ಸಾಲು ಕಲಿತಿದ್ದ. ಮೂರನೆಯ ಸಾಲು ಬರುವಷ್ಟರಲ್ಲಿ ಗೆಳೆಯ ಗಿಟಾರಿನ ಸಮೇತ ರೂಮು ಖಾಲಿ ಮಾಡಿದ. ಆ ಹಾಡಿನ ಗಾಯಕಿ ನುಡಿಸುತ್ತಿದ್ದದ್ದು ಭಾರೀ ಹೆಸರಿನ ಕಂಪನಿಯೊಂದರ ಗಿಟಾರು. ಅದರ ಬೆಲೆ ಕೇಳಿದವರು ಮೊದಲು ಕೂರಲು ಕುರ್ಚಿ ಹುಡುಕುತ್ತಿದ್ದರು. ದಂತಪ್ಪ ಮದುವೆಯಾದ, ಸಂಸಾರ ಹೂಡಿದ, ತಲೆಗೂದಲು ಕಳಕೊಂಡ, ಆಸೆ ಮಾತ್ರ ಒಂದೆಳೆಯೂ ಉದುರಲಿಲ್ಲ. ಈಗ ಅದೇ ಕಂಪನಿ ಮನಸ್ಸು ಕರಗಿ, ಅದೇ ಗಾಯಕಿಯ ಹೆಸರಿನಲ್ಲಿ, ಅವಳಿಗೆ ಬೇಕಾದ ಅಳತೆಯಲ್ಲಿ, ಅವಳ ಸಹಿಯನ್ನೂ ಕೂರಿಸಿ, ಅಗ್ಗದ ಗಿಟಾರೊಂದನ್ನು ಹೊರತಂದಿತ್ತು. 'ಎಲ್ಲರ ಕೈಗೆಟಕುವ ಬೆಲೆ' ಎಂದು ಜಾಹೀರಾತು. ಯಾರ ಕೈ ಎಂದು ಕಂಪನಿ ಹೇಳಿರಲಿಲ್ಲ.

ದಂತಪ್ಪ ಊಟದ ಹೊತ್ತು ನೋಡಿ, ಅಡುಗೆಯನ್ನು ಎರಡೆರಡು ಸಲ ಹೊಗಳಿ, ಮೆಲ್ಲಗೆ ವಿಷಯ ತೆಗೆದ.

"ಒಂದು ಗಿಟಾರು ತಗೊಂಡ್ರೆ ಹೇಗೆ?"

"ಯಾರಿಗೆ?" ಎಂದಳು ಹೆಂಡತಿ.

ಆ ಒಂದು ಮಾತಿಗೆ ದಂತಪ್ಪ ಕುಸಿದ. 'ನನಗೆ' ಎಂದರಾಗಿತ್ತು. ಆದರೆ ಐವತ್ತರ ಹೊಸ್ತಿಲಲ್ಲಿರುವ ಗಂಡಸು, ಎದುರಿಗೆ ಹೆಂಡತಿ, ಪಕ್ಕದಲ್ಲಿ ಹೆತ್ತ ತಾಯಿ, 'ನನಗೆ ಬೇಕು' ಅನ್ನುವುದು ಹೇಗೆ?

"ಸುಮ್ನೆ ಕೇಳ್ದೆ" ಎಂದ.

"ನಮ್ಮ ವಾಷಿಂಗ್ ಮೆಷಿನ್ ಗಿಟಾರಿಗಿಂತ ಜೋರಾಗಿ ಹಾಡ್ತಾ ಇದೆ. ಮೊದ್ಲು ಅದನ್ನ ರಿಪೇರಿ ಮಾಡ್ಸಿ."

ಹೀಗೆ ಗಿಟಾರ್ ಮಹಾಪ್ರಸ್ತಾವ ಬಿದ್ದುಹೋಯಿತು. ಆಸೆ ಬೀಳಲಿಲ್ಲ. ಮುಂದಿನ ಶನಿವಾರ, "ಯಾರದೋ ಹಲ್ಲಿನ ಅಳತೆ ನೋಡಬೇಕಂತೆ" ಎಂದು ಸುಳ್ಳು ಹೇಳಿ, ದಂತಪ್ಪ ನೆಟ್ಟಗೆ ವಾದ್ಯಗಳ ಅಂಗಡಿಗೆ ಹೋದ.

ಅಂಗಡಿಯವನು ಬಲು ಸಾಧು. ಕೊಳ್ಳದಿದ್ದರೂ ಪರವಾಗಿಲ್ಲ ಎಂದು ಗಿಟಾರು ಕೊಟ್ಟ. ಒಂದೇ ಷರತ್ತು. "ಬೆಲ್ಟ್ ಬಿಚ್ಚಿ ಆ ಮೊಳೆಗೆ ಹಾಕಿ ಸಾರ್. ಬಕಲ್ ತಾಗಿದ್ರೆ ಗಿಟಾರಿನ ಬೆನ್ನಿಗೆ ಗೀರು ಬೀಳುತ್ತೆ."

ದಂತಪ್ಪ ಬೆಲ್ಟು ಬಿಚ್ಚಿ, ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು, ಗಿಟಾರನ್ನು ಹೊಟ್ಟೆಗವಚಿಕೊಂಡ. ತಂತಿ ಮೀಟಿದ. ಮರ ಗುಂಯ್ ಎಂದದ್ದು ಎದೆಯೊಳಗೇ ಕೇಳಿಸಿತು. ಅದೇ ಎರಡು ಸಾಲು. ಬೆರಳುಗಳು ಎಲ್ಲೆಲ್ಲೋ ಬಿದ್ದವು, ಆದರೂ ಮತ್ತೆ ಮೊದಲಿನಿಂದ ನುಡಿಸಿದ. ಇಷ್ಟು ವರ್ಷ ಇದಿಲ್ಲದೆ ಹೇಗೆ ಇದ್ದೆ ಅನ್ನಿಸಿತು. ಹದಿನೈದು ನಿಮಿಷಕ್ಕೆ ಅಂಗಡಿಯವನು ಕೈ ಚಾಚಿದಾಗ, ನಿದ್ದೆ ಹೋದ ಮಗುವನ್ನು ಕೊಡುವ ಹಾಗೆ ಕೊಟ್ಟು, ಕನಸಿನಲ್ಲಿ ನಡೆದವನಂತೆ ಮನೆಗೆ ಬಂದ.

"ಬೆಲ್ಟ್ ಎಲ್ಲಿ?" ಎಂದಳು ಹೆಂಡತಿ.

ಬೆಲ್ಟು ಮೊಳೆಯಲ್ಲಿತ್ತು. "ಅದು... ಕ್ಲಿನಿಕ್ಕಲ್ಲಿ ಮರ್ತೆ."

"ಹಲ್ಲಿನ ಅಳತೆ ನೋಡೋಕೆ ಬೆಲ್ಟ್ ಯಾಕ್ರೀ ಬಿಚ್ಚಬೇಕು?"

ಇದಕ್ಕೆ ದಂತವೈದ್ಯ ಶಾಸ್ತ್ರದಲ್ಲಿ ಉತ್ತರವಿಲ್ಲ. ಅಷ್ಟಾದರೂ ಅವನಿಗೆ ಬುದ್ಧಿ ಬಂತೇ? ಮತ್ತೊಂದು ಶನಿವಾರವೂ ಪ್ಯಾಂಟು ಹಿಡಿದುಕೊಂಡೇ ಮನೆಗೆ ಬಂದ, ಮುಖದ ಮೇಲೆ ಮದುಮಗನ ಕಳೆ ಬೇರೆ.

"ನಿಮ್ಮ ಮಾವ ಎಲ್ಲಿಗೆ ಹೋದ್ರೂ ಬೆಲ್ಟ್ ಸಮೇತ ಬರ್ತಿದ್ರಪ್ಪ" ಎಂದು ಅವನ ತಾಯಿ ಸೊಸೆಯ ಕಿವಿಯಲ್ಲಿ ಉರಿಗೆ ತುಪ್ಪ ಸುರಿದರು. "ಹೋಗಿ ನೋಡ್ಕೊಂಡು ಬಾ."

ಮುಂದಿನ ಶನಿವಾರ ಸೊಸೆ ಗಂಡನ ಹಿಂದೆಯೇ ಹೋದಳು. ದಾರಿಯುದ್ದಕ್ಕೂ ಬಾಯಲ್ಲಿ ಬೈಗುಳಗಳನ್ನು ಒಪ್ಪವಾಗಿ ಜೋಡಿಸಿಕೊಂಡೇ ಹೋದಳು. ಗಂಡ ತಿರುವಿನಲ್ಲಿ ತಿರುಗಿದ, ಅವಳೂ ತಿರುಗಿದಳು. ಅವನು ವಾದ್ಯಗಳ ಅಂಗಡಿ ಹೊಕ್ಕ. ಇವಳು ಗಾಜಿಗೆ ಮೂಗು ಒತ್ತಿ ಇಣುಕಿದಳು.

ಒಳಗೆ ಗಂಡ ಕಣ್ಣು ಮುಚ್ಚಿ, ಕೆನ್ನೆಯನ್ನು ಗಿಟಾರಿನ ಅಂಚಿಗೆ ತಾಗಿಸಿ ಕೂತಿದ್ದ. ಅವಳಿಗೆ ಗೊತ್ತಿದ್ದ ಗಂಡನ ಮುಖವೇ ಅಲ್ಲ ಅದು. ಬಾಗಿಲು ತಳ್ಳಿ, "ಇದಾ ನಿಮ್ಮ ಹಲ್ಲಿನ ಅಳತೆ?" ಎಂದಳು.

ದಂತಪ್ಪ ಗಾಬರಿಯಲ್ಲಿ ಎದ್ದುನಿಂತ. ಎರಡು ಕೈಗಳೂ ಗಿಟಾರಿನ ಮೇಲೆ, ಸೊಂಟದಲ್ಲಿ ಬೆಲ್ಟಿಲ್ಲ. ಪ್ಯಾಂಟು ಒಂದು ಕ್ಷಣ ಆಲೋಚಿಸಿತು, ಆಮೇಲೆ ಇಳಿಯತೊಡಗಿತು.

"ಪ್ಯಾಂಟ್ ಹಿಡ್ಕೊಳ್ರೀ!"

"ಇದು ಬಿದ್ರೆ?" ಎಂದು ದಂತಪ್ಪ ಗಿಟಾರನ್ನು ಇನ್ನೂ ಗಟ್ಟಿಯಾಗಿ ತಬ್ಬಿಕೊಂಡ. ಪ್ಯಾಂಟು ಮೊಣಕಾಲು ತಲುಪಿತು. (ಗಾಯಕಿಯ ಅಳತೆಗೆ ಮಾಡಿದ ಚಿಕ್ಕ ಗಿಟಾರೇ ಆದರೂ ಸಂಸಾರಸ್ಥನೊಬ್ಬನ ಮಾನ ಮುಚ್ಚುವಷ್ಟಿತ್ತು. ಕಂಪನಿ ಇದನ್ನೂ ಜಾಹೀರಾತಿನಲ್ಲಿ ಹೇಳಬಹುದಿತ್ತು.)

ಹೆಂಡತಿಯ ಬಾಯಲ್ಲಿದ್ದ ಬೈಗುಳವೆಲ್ಲ ಅಲ್ಲೇ ಕರಗಿತು. ಬಾತ್‌ರೂಮಿನಿಂದ ಬರುವಾಗಲೂ ನಾಚುವ ಈ ಮನುಷ್ಯ ಮಾನ ಬಿಟ್ಟ, ಗಿಟಾರು ಬಿಡಲಿಲ್ಲ. ಹತ್ತಿರ ಬಂದು, ಪ್ಯಾಂಟು ಮೇಲೆಳೆದು, ಮೊಳೆಯಲ್ಲಿದ್ದ ಬೆಲ್ಟು ತಂದು ತಾನೇ ಬಿಗಿದಳು.

"ಅಷ್ಟು ಇಷ್ಟಾನಾ?"

"ಹೂಂ."

"ಯಾವಾಗಿಂದ?"

"ಮದುವೆಗೂ ಮುಂಚಿಂದ."

"ಹೇಳೋಕೆ ಏನಾಗಿತ್ತು ನಿಮಗೆ?"

"ಯಾರಿಗೆ ಅಂತ ಕೇಳಿದ್ಯಲ್ಲ..."

ಅವಳು ಅಂಗಡಿಯವನ ಕಡೆ ತಿರುಗಿ, "ಇದನ್ನ ಪ್ಯಾಕ್ ಮಾಡಿ. ಮೆಷಿನ್ ಇನ್ನೊಂದಿಷ್ಟು ದಿನ ಹಾಡ್ಕೊಳ್ಳಲಿ" ಎಂದಳು. ದಂತಪ್ಪನಿಗೆ ಕಿವಿಯನ್ನೇ ನಂಬಲಾಗಲಿಲ್ಲ. ಹೆಂಡತಿಯನ್ನು ಅಲ್ಲೇ ತಬ್ಬಿಕೊಳ್ಳುತ್ತಿದ್ದನೇನೋ, ಕೈಯಲ್ಲಿ ಗಿಟಾರಿತ್ತು.

ಅಂಗಡಿಯವನು ತಲೆ ಕೆರೆದುಕೊಂಡ. "ಅಮ್ಮಾ, ಅದು ಬೆಳಿಗ್ಗೇನೇ ಮಾರಾಟ ಆಯ್ತು. ಅದೇ ಕೊನೇದು. ಅವರು ಇನ್ನೇನು ಬಂದು ಒಯ್ತಾರೆ. ಬಂದಿದ್ದೆಲ್ಲಾ ಖಾಲಿ, ಎಲ್ಲಾ ಸಾರ್ ಪುಣ್ಯ."

"ಇವರ ಪುಣ್ಯಾನಾ?"

"ಹೂಂ ಮತ್ತೆ! ಬಾಗಿಲ ಹತ್ರ ಇವರು ನುಡಿಸೋದು ಕೇಳಿ ತಾನೇ ಜನ ಒಳಗೆ ಬಂದಿದ್ದು?"

ಹೆಂಡತಿಯ ಮುಖ ಅರಳಿತು. ದಂತಪ್ಪನ ಎದೆ ಒಂದು ಗೇಣು ಉಬ್ಬಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಅಂಗಡಿಯವನಿಗೂ ಪುಣ್ಯ ಬರುತ್ತಿತ್ತು. ಪುಣ್ಯಾತ್ಮ ಮುಂದುವರಿಸಿದ.

"ಚೆನ್ನಾಗಿ ನುಡಿಸೋರು ಕೂತ್ರೆ ಜನ ಅವರನ್ನ ಹೊಗಳಿ ಹೋಗ್ತಾರಮ್ಮಾ. ಸಾರ್ ಕೂತ್ರೆ, 'ಇವರ ಕೈಯಲ್ಲೇ ಇಷ್ಟು ಚೆನ್ನಾಗಿ ಕೇಳಿಸ್ತಿದೆ ಅಂದ್ರೆ ಗಿಟಾರು ಎಷ್ಟು ಒಳ್ಳೇದಿರ್ಬೇಕು!' ಅಂತ ದುಡ್ಡು ಕೊಟ್ಟು ತಗೊಂಡು ಹೋಗ್ತಾರೆ."

ಉಬ್ಬಿದ ಎದೆ ಎಲ್ಲಿಗೆ ಹೋಯಿತೋ. ಅಷ್ಟರಲ್ಲಿ ಕೊಂಡವರೂ ಬಂದರು, ಹೆಗಲಿಗೆ ಕೈಚೀಲ ಹಾಕಿಕೊಂಡ ಒಬ್ಬ ನರ್ಸಮ್ಮ. ದಂತಪ್ಪ ಕರ್ಚೀಫಿನಿಂದ ಗಿಟಾರು ಒರೆಸಿದ, ಗಾಯಕಿಯ ಸಹಿಯ ಮೇಲೆ ಒಮ್ಮೆ ಬೆರಳಾಡಿಸಿದ, ಪೆಟ್ಟಿಗೆಯಲ್ಲಿ ತಾನೇ ಮಲಗಿಸಿದ. "ಬಿಸಿಲಲ್ಲಿ ಇಡಬೇಡಿ" ಎಂದ.

"ಹೊಸ ಸ್ಟಾಕ್ ಯಾವಾಗ ಬರುತ್ತೋ ಕಂಪನಿ ಹೇಳಿಲ್ಲ. ಬಂದ ಕೂಡ್ಲೇ ಫೋನ್ ಮಾಡ್ತೀನಿ, ಸಾರ್ ಬಂದು ಸ್ಟೂಲ್ ಮೇಲೆ ಕೂತ್ಕೊಂಡ್ಬಿಡಲಿ" ಎಂದ ಅಂಗಡಿಯವನು.

"ಮೊದಲ್ನೇದು ನಮ್ಮನೆಗೆ" ಎಂದಳು ಹೆಂಡತಿ. "ಅಲ್ಲೀವರೆಗೆ ಇವರು ಇಲ್ಲಿ ಒಂದು ತಂತೀನೂ ಮುಟ್ಟಲ್ಲ. ಮುಟ್ಟಿದ್ರೆ ಅದೂ ಮಾರಾಟ ಆಗಿಬಿಡುತ್ತೆ."

ಇಬ್ಬರೂ ಮನೆಯ ಕಡೆ ನಡೆದರು. ಇನ್ನು ಶನಿವಾರವೂ ಇಲ್ಲ, ಸ್ಟೂಲೂ ಇಲ್ಲ. ರಸ್ತೆ ದಾಟುವಾಗ ದಂತಪ್ಪ ಹೆಂಡತಿಯ ಮುಂಗೈ ಹಿಡಿದವನು ದಾಟಿದ ಮೇಲೂ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಬೆರಳುಗಳು ಅವಳ ಕೈಯ ಮೇಲೆ ಒಂದು ಕಡೆ ಒತ್ತಿದವು, ಸರಿದು ಇನ್ನೊಂದು ಕಡೆ ಒತ್ತಿದವು, ಮತ್ತೆ ಮೊದಲಿನ ಜಾಗಕ್ಕೆ ಬಂದವು. ಜೊತೆಗೆ ಮೂಗಿನಲ್ಲೇ ಅದೇ ಎರಡು ಸಾಲು ಶುರುವಾಯಿತು.

ಹೆಂಡತಿ ಕೈ ನೋಡಿಕೊಂಡಳು, ಅವನ ಮುಖ ನೋಡಿದಳು, ಕೈ ಎಳೆದುಕೊಳ್ಳಲಿಲ್ಲ.

"ಒತ್ತಿ, ಪರವಾಗಿಲ್ಲ" ಎಂದಳು. "ಆದ್ರೆ ಹಾಡಬೇಡಿ."