ಮಹಡಿ ಮೇಲಿನ ಅಂತಿಮ ವಿದಾಯ

ಮಾಡಿದ ತಪ್ಪು ಕಾಲ ಕಳೆದಂತೆ ಮರೆತುಹೋಗುತ್ತದೆ ಎಂದು ನಂಬಿದವರಲ್ಲಿ ನಾನೂ ಒಬ್ಬ. ಆದರೆ ಅಚ್ಚಾದ ತಪ್ಪಿಗೆ ಆಯುಸ್ಸು ಜಾಸ್ತಿ. ಹದಿನೈದು ವರ್ಷದ ಹಿಂದೆ, ಕನ್ನಡ ಮೇಷ್ಟ್ರು ಎಂಬ ಹಮ್ಮಿನಲ್ಲಿ, ಹೊರಗಿನವರಿಗೆ ಮೂವತ್ತು ದಿನದಲ್ಲಿ ಕನ್ನಡ ಕಲಿಸುವ ಪುಸ್ತಕವೊಂದರ ಹಿಂದಿ ವಾಕ್ಯಗಳನ್ನೆಲ್ಲ ಒಂದೇ ವಾರದಲ್ಲಿ ಕನ್ನಡಕ್ಕೆ ಇಳಿಸಿದ್ದೆ. ನನಗಿದ್ದ ಹಿಂದಿ ಟೀವಿ ನೋಡಲು ಸಾಕಾಗುವಷ್ಟು. ಉಳಿದ ಭಾರವನ್ನು ಒಂದು ಹಳೆಯ ನಿಘಂಟಿನ ಮೇಲೆ ಹಾಕಿದೆ. ಮೊದಲ ಪುಟದಲ್ಲಿ ನನ್ನ ಹೆಸರೂ ಬಂತು. ಅಚ್ಚಾದ ಮೇಲೆ ಓದಿ ನೋಡಿ ಗಾಬರಿಯಾಗಿ, ಆ ಪುಸ್ತಕದ ಸುದ್ದಿಯನ್ನು ನಾನು ಮನೆಯಲ್ಲೂ ಎತ್ತಲಿಲ್ಲ.

ಆ ಪುಸ್ತಕ ಹೋದ ತಿಂಗಳು ನಮ್ಮ ಮಹಡಿ ಮನೆಗೇ ಬಂತು, ಬಾಡಿಗೆಗೆ ಬಂದ ಒಡಿಶಾದ ಬೆಹರಾ ಎಂಬಾತನ ಕೈಯಲ್ಲಿ. ನಲವತ್ತು ದಾಟಿದ ಸಾಧು ಮನುಷ್ಯ. ದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಹತ್ತಿ ರಿಪೇರಿ ಮಾಡುವ ಕೆಲಸ. ಬಂದ ದಿನವೇ ನನ್ನಾಕೆಗೆ ಕೈಮುಗಿದು, “ಎಲೈ ಗೃಹಿಣಿಯೇ, ಜಲವು ಎಲ್ಲಿ ವಾಸಿಸುತ್ತದೆ?” ಎಂದ. ಬಯಲಾಟದ ಕಡೆಯವನೇನೋ ಎಂದುಕೊಂಡು ಆಕೆ ನಲ್ಲಿ ತೋರಿಸಿದಳು. ಕ್ಷೌರದಂಗಡಿಯಲ್ಲಿ ತನ್ನ ಶಿರವನ್ನು ಸಣ್ಣದಾಗಿ ಕತ್ತರಿಸಬೇಕೆಂದು ಕೇಳಿದನಂತೆ. ಅಂಗಡಿಯವ ಕತ್ತರಿ ಕೆಳಗಿಟ್ಟು ಮೊದಲು ಟೀ ತರಿಸಿದನಂತೆ. ನಾನು ಪೇಪರಿನಲ್ಲಿ ಮುಖ ಮುಚ್ಚಿಕೊಂಡೆ.

ನಗಲಾಗದ್ದು ಬೆಳಗಿನ ಹೊತ್ತು. ನಮ್ಮ ಕಡೆ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಅನ್ನುವಂತಿಲ್ಲ, ‘ಹೋಗಿ ಬರ್ತೀನಿ’ ಅನ್ನಬೇಕು. ಬೆಹರಾ ದಿನಾ ಹೆಲ್ಮೆಟ್ ಹಿಡಿದು ಮೆಟ್ಟಿಲಿಳಿದು, ನಾನು ಬರೆದಿದ್ದಂತೆಯೇ, “ತಮಗೆ ನನ್ನ ಅಂತಿಮ ವಿದಾಯ” ಎಂದು ಹೊರಡುತ್ತಿದ್ದ. ಸಂಜೆ ಅವನ ಬೈಕಿನ ಸದ್ದು ಕೇಳುವವರೆಗೆ ಆಕೆ ಒಲೆಗೂ ಬಾಗಿಲಿಗೂ ಓಡಾಡುತ್ತಿದ್ದಳು.

“ರೀ, ಅಷ್ಟೆತ್ತರ ಹತ್ತೋ ಮನುಷ್ಯ. ದಿನಾ ಹಿಂಗಂದ್ ಹೋದ್ರೆ ಎದೆ ಹೊಡ್ಕಳ್ತೈತೆ. ನೀವು ಮೇಷ್ಟ್ರು, ಒಂದ್ ಮಾತು ಕಲಿಸ್ರಿ,” ಎಂದಳು ಒಂದು ದಿನ, ಕಣ್ಣೊರೆಸಿಕೊಳ್ಳುತ್ತಾ. ನನಗೆ ನಿಜಕ್ಕೂ ನಾಚಿಕೆಯಾಯಿತು. ಅಂದೇ ಸಂಜೆ ಬೆಹರಾನನ್ನು ಕೂರಿಸಿಕೊಂಡು ‘ಹೋಗಿ ಬರ್ತೀನಿ’ ಬಾಯಿಪಾಠ ಮಾಡಿಸಿದೆ. ನೀರೊಲೆಗೆ ಹಾಕೋಣವೆಂದು ಪುಸ್ತಕವನ್ನೂ ಕೇಳಿದೆ. ಅಮ್ಮನವರು ನೋಡಲು ಇಸಿದುಕೊಂಡಿದ್ದಾರೆ ಎಂದ. ಆ ರಾತ್ರಿ ಊಟ ರುಚಿಸಲಿಲ್ಲ.

ಮರುದಿನ ಬೆಹರಾ ತಪ್ಪಿಲ್ಲದೆ, “ಹೋಗಿ ಬರ್ತೀನಿ ಅಮ್ಮ” ಎಂದ. ಆಕೆಗೆ ಹೋದ ಜೀವ ಬಂದಂತಾಯಿತು. “ಹುಷಾರಾಗಿ ಹೋಗ್ಬರ್ರಿ” ಎಂದು ಬಾಗಿಲವರೆಗೆ ಬಂದಳು. ಇದೇ ಸಮಯವೆಂದು ನಾನೂ ಸ್ಕೂಲಿನ ಚೀಲ ಹಿಡಿದು, ಹೋಗಿ ಬರ್ತೀನಿ ಎಂದೆ. ಆಕೆ ಸೆರಗಿನಡಿಯಿಂದ ಆ ಪುಸ್ತಕ ತೆಗೆದು, ಮೊದಲ ಪುಟ ತೆರೆದು, ನನ್ನ ಹೆಸರಿನ ಮೇಲೆ ಬೆರಳಿಟ್ಟು, ತಲೆಯೆತ್ತದೆ ಹೇಳಿದಳು: “ತಮಗೆ ನನ್ನ ಅಂತಿಮ ವಿದಾಯ.”