ನಿಂಬೆವ್ವನ ಬೋಗಾಣಿ

ಸೈದಪ್ಪನನ್ನು ಎಮ್ಮೆಯ ಬಾಯಿಯವರೆಗೆ ಎಳೆದೊಯ್ದದ್ದು ಒಂದು ಹಿತ್ತಾಳೆ ಬೋಗಾಣಿ. ಅವನು ಎಂಟು ದಿನ ಜ್ವರದಲ್ಲಿ ಮಲಗಿದ್ದಾಗ ಪಕ್ಕದ ಮನೆಯ ನಿಂಬೆವ್ವ ಅದರಲ್ಲಿ ಎರಡು ಹೊತ್ತೂ ಜೋಳದ ನುಚ್ಚು ತಂದು ಬದುಕಿಸಿದ್ದಳು. ಊಟ ತಂದ ಪಾತ್ರೆಯನ್ನು ಖಾಲಿ ಮರಳಿಸುವ ರೂಢಿ ನಿಂಬರ್ಗಾದಲ್ಲಿಲ್ಲ. ಆದರೆ ತುಂಬಿ ಕೊಟ್ಟರೆ ತಿನ್ನುವವರು ಯಾರು? ಸೈದಪ್ಪ ಇಪ್ಪತ್ತೈದು ವರ್ಷ ಸಮುದ್ರದಾಚೆ ಡೆಮರಾರಾದ ಕಬ್ಬಿನ ತೋಟದಲ್ಲಿ ದುಡಿದು, ೧೯೩೬ರಲ್ಲಿ ಮರಳಿದವನು. “ಯಾರ್ಯಾರ ಕೂಡ ಉಂಡಾನೋ” ಎಂದು ಓಣಿಯವರು ಅವನ ಮನೆಯ ನೀರೂ ಮುಟ್ಟುತ್ತಿರಲಿಲ್ಲ.

ಅವನು ಉಂಡದ್ದೂ ನಿಜವೇ. ಅಲ್ಲಿ ಶನಿವಾರ ಆಫ್ರಿಕಾದ ಮುದುಕಿಯ ಅಲಸಂದಿ, ಮದರಾಸಿನವನ ತೆಂಗಿನಕಾಯಿ, ಚೀನಾದ ಅಂಗಡಿಯವನ ಅಕ್ಕಿ ಎಲ್ಲ ಒಂದೇ ಗಡಿಗೆಯಲ್ಲಿ ಬೇಯುತ್ತಿದ್ದವು, ಬಂದವರಿಗೆಲ್ಲ ಊಟ. ಅದೇ ಅನ್ನ ಮಾಡಿ, ಅಲ್ಲಿಂದ ಬೀಜ ತಂದು ಹಿತ್ತಲಲ್ಲಿ ಬೆಳೆದ ಗುಂಡು ಕೆಂಪು ಮೆಣಸಿನಕಾಯಿಯೊಂದನ್ನು ಒಡೆಯದಂತೆ ಮೇಲಿಟ್ಟು, ಬೋಗಾಣಿ ಮುಚ್ಚಿ ನಿಂಬೆವ್ವನಿಗೆ ಕೊಟ್ಟ.

“ಅಯ್ಯ ತಮ್ಮಾ, ಇವತ್ತ ಸೋಮವಾರ, ನಂದು ಉಪಾಸ!” ನಿಂಬೆವ್ವ ಚೇಳಿನ ಬಾಲ ಹಿಡಿದಂತೆ ಬೋಗಾಣಿ ಹಿಡಿದು ಒಳಗೆ ಹೋದಳು.

ಎದುರುಮನೆಯ ಅಣ್ಣಾರಾಯ ಕಟ್ಟೆಯ ಮೇಲಿಂದ ನಕ್ಕ. “ಮುಚ್ಚಿ ತಂದ್ರೇನಾತು? ಅದರಾಗ ಏನಿದ್ರೂ ಸೀದಾ ಎಮ್ಮಿಗಿ ಹೋಗ್ತದ.”

ಸೈದಪ್ಪನಿಗೆ ಮೇಲಿಟ್ಟದ್ದು ನೆನಪಾಯಿತು. ಆ ಮೆಣಸಿನಕಾಯಿ ತಿಂದರೆ ಎಮ್ಮೆ ಅಫಜಲಪುರ ಮುಟ್ಟುವವರೆಗೆ ನಿಲ್ಲದು! ಮಧ್ಯಾಹ್ನವೆಲ್ಲ ಹೆಣ್ಣು ನೋಡಲು ಬಂದ ವರನಂತೆ ಗೋಡೆಯ ಮೇಲಿಂದ ನಿಂಬೆವ್ವನ ಎಮ್ಮೆಯನ್ನೇ ನೋಡುತ್ತ ಕೂತ. ಇಳಿಹೊತ್ತಿಗೆ ಎಮ್ಮೆ ಒಮ್ಮೆ ಕೆಮ್ಮಿತು. ಗೋಡೆ ಹಾರಿದವನೇ ಅದರ ಬಾಯಿಗೆ ಕೈ ಹಾಕಿದ. ಎಮ್ಮೆ ತಲೆ ಕೊಡವಿತು. ಸೈದಪ್ಪ ತಿಪ್ಪೆಯಲ್ಲಿ ಕೂತಿದ್ದ.

“ಎಮ್ಮಿ ಬಾಯಾಗ ಏನ್ ಹುಡಕಾಕತ್ತಿ ಲೇ?” ನಿಂಬೆವ್ವನ ಕೂಗಿಗೆ ಓಣಿಯೇ ನೆರೆಯಿತು.

“ಜ್ವರ ತಲಿಗಿ ಏರ್ಯಾದ,” ಎಂದು ಅಣ್ಣಾರಾಯ ತೀರ್ಪು ಕೊಟ್ಟ.

ಮೈ ತೊಳೆದು ಕೂತಾಗ ಹಿಂದಿನ ಮನೆಯ ಚಮನಬಿ ಕಲಾಯಿ ಹಾಕಿದ ತಾಮ್ರದ ಬಟ್ಟಲು ತಂದಳು. “ಬಿದ್ರಂತಲ್ರಿ ಭಯ್ಯಾ. ಇದ್ನ ತಿನ್ರಿ, ಜೀವಕ್ಕ ಹಿತ ಆಗ್ತದ.”

ಮುಚ್ಚಳ ತೆಗೆದರೆ ಅವನದೇ ಅನ್ನ! ಮೆಣಸಿನಕಾಯಿ ಇಟ್ಟ ಹಾಗೇ ಇತ್ತು.

“ಇದ್ನ ಯಾರು ಮಾಡಿದ್ರಿ?”

“ನಿಂಬೆವ್ವಕ್ಕ ಮಾಡ್ಯಾಳಂತ್ರಿ. ಉಪಾಸ ಇದ್ರೂ ತಡಿಯಾಕ ಆಗ್ದ ಎರಡು ತಾಟು ಉಂಡಾಳ! ಅಣ್ಣಾರಾಯರಂತೂ ಬಟ್ಟಲಾನೇ ನೆಕ್ಕಿದ್ರು. ನನ್ನ ಪಾಲಿನಾಗ ನಿಮ್ಗೂ ಈಟು ಉಳಿಸೀನಿ. ಒಂಟಿ ಮನುಷ್ಯಾ, ನಿಮ್ಗ ಇಂಥಾದ್ದು ಯಾರು ಮಾಡಿ ಹಾಕ್ತಾರ?”

ಸೈದಪ್ಪ ಮುಚ್ಚಳ ಕೆಳಗಿಟ್ಟ. ನಿಜ ಹೇಳಿದರೆ ಓಣಿಗೆಲ್ಲ ಪ್ರಾಯಶ್ಚಿತ್ತ. ನಿಂಬೆವ್ವನ ಮಾನ ಹೋಗುತ್ತದೆ. ಎಂಟು ದಿನ ನುಚ್ಚು ಉಣಿಸಿದ ಕೈ ಅದು.

“ಆಕಿ ಕೈಗುಣ ದೊಡ್ಡದ್ರಿ,” ಎಂದ, ಮನಸಾರೆ.

“ಹೌದ್ರಿ! ಬೇಕಂದ್ರ ಸೈದಪ್ಪಗೂ ಕಲಿಸ್ತೇನಿ ಅಂದಾಳ.”

ಚಮನಬಿ ಹೋದ ಮೇಲೆ ಹೊರಗೆ ಅಣ್ಣಾರಾಯ ತೇಗುವುದು ಕೇಳಿಸಿತು. ಸೈದಪ್ಪ ಆಸೆಯಿಂದ ಇಣುಕಿದ. “ಸ್ವಲ್ಪ ನೀರು ಕೊಡ್ಲೇನ್ರಿ?”

“ಛೇ ಛೇ, ನಿನ್ನ ಮನಿ ನೀರು ಹ್ಯಾಂಗ ಕುಡೀಲೋ?”

ಸೈದಪ್ಪ ಒಳಗೆ ಬಂದು ಒಂದಗುಳೂ ಬಿಡದೆ ಉಂಡ. ಬಹಳ ಚೆನ್ನಾಗಿತ್ತು. ಬಟ್ಟಲು ತೊಳೆದಿಟ್ಟ. ಅದನ್ನೂ ಖಾಲಿ ಮರಳಿಸುವಂತಿಲ್ಲ. ಮತ್ತೆ ಅಲಸಂದಿ ನೆನೆಹಾಕಿದ.