ಆರಾಮ ಕುರ್ಚಿಯ ಲೆಕ್ಕ

ಬೆಳಿಗ್ಗೆ ಒಂಬತ್ತಕ್ಕೆ ಬೀದಿಯವರ ಫೋನ್ ಗ್ರೂಪಿನಲ್ಲಿ ನಿವೃತ್ತ ಗಣಿತದ ಮೇಷ್ಟ್ರು ಹಾಕಿದ ನಾಲ್ಕು ಸಾಲು ಟೈಲರ್‌ನ ನೆಮ್ಮದಿ ಕೆಡಿಸಿತು.

1, 5 = 6
3, 3 = 12
4, 4 = 20
7, 5 = ?

ಉತ್ತರವನ್ನು ಸಂಜೆ ಆರರೊಳಗೆ ಮೇಷ್ಟ್ರೊಬ್ಬರಿಗೇ ಕಳಿಸಬೇಕು. ಒಬ್ಬರಿಗೆ ಒಂದೇ ಉತ್ತರ. ಸರಿಯುತ್ತರದವರು ಹೆಚ್ಚಾದರೆ ಚೀಟಿ ಎತ್ತುವುದು. ಬಹುಮಾನ, ಎದುರಿನ ಪೀಠೋಪಕರಣದಂಗಡಿಯವರು ಕೊಡುವ ಆರಾಮ ಕುರ್ಚಿ.

ಆ ಕುರ್ಚಿ ಗಾಜಿನ ಹಿಂದಿನಿಂದ ಎರಡು ತಿಂಗಳಿಂದ ಟೈಲರ್‌ನನ್ನು ಕೈಬೀಸಿ ಕರೆಯುತ್ತಿತ್ತು. ಇಪ್ಪತ್ತು ವರ್ಷ ಸ್ಟೂಲಿನ ಮೇಲೆ ಕೂತು ಅವನ ಬೆನ್ನು ಹಳೇ ಹ್ಯಾಂಗರಿನಂತೆ ಬಾಗಿತ್ತು. ಅವನು ಸೀಮೆಸುಣ್ಣ ಎತ್ತಿ ಕತ್ತರಿಸುವ ಮೇಜಿನ ಮೇಲೇ ಲೆಕ್ಕಕ್ಕೆ ಇಳಿದ. ಒಂದು, ಐದು ಕೂಡಿದರೆ ಆರು. ಆ ಆರಕ್ಕೆ ಮೂರು, ಮೂರು ಸೇರಿಸಿದರೆ ಹನ್ನೆರಡು. ಹನ್ನೆರಡಕ್ಕೆ ನಾಲ್ಕು, ನಾಲ್ಕು, ಇಪ್ಪತ್ತು. ಇಪ್ಪತ್ತಕ್ಕೆ ಏಳು, ಐದು...

"ಮೂವತ್ತೆರಡು!" ಎಂದು ಮೇಜು ಗುದ್ದಿದ. "ಐದೇ ನಿಮಿಷ ಕಣೇ! ಲೆಕ್ಕದಲ್ಲಿ ನಾನು ಹುಲಿ ಅಂತ ಸುಮ್ನೆ ಹೇಳ್ತೀನಾ? ನೀನೂ ಮೂವತ್ತೆರಡು ಅಂತ ಕಳಿಸಿಬಿಡು. ಚೀಟಿ ಎತ್ತಿದರೆ ನಮ್ಮದು ಎರಡಿರಲಿ."

ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಹೆಂಡತಿ ತಲೆಯೆತ್ತಿದಳು. "ಅದಲ್ಲರೀ, ನಾನು ನೋಡಿದ್ದು..."

"ನೀನು ನೋಡಿದ್ದು ಇರಲಿ. ಮೊದಲು ಕಳಿಸು."

ಅವಳು ಸೂಜಿಯನ್ನು ಸೆರಗಿಗೆ ಚುಚ್ಚಿ, ಫೋನ್ ಎತ್ತಿಕೊಂಡು ಸ್ವಲ್ಪ ಹೊತ್ತು ಒತ್ತಿದಳು.

ಟೈಲರ್ ತನ್ನ ಉತ್ತರ ಕಳಿಸಿ, ಗಿರಾಕಿಗಳ ಬೆಂಚನ್ನು ಜಗಲಿಗೆ ಎಳೆದು ಕುರ್ಚಿಗೆ ಜಾಗ ಮಾಡಿದ. ಅಷ್ಟರಲ್ಲಿ ಪಕ್ಕದ ಕ್ಷೌರದಂಗಡಿಯವನು ಒಳಗೆ ಇಣುಕಿದ. ಕೈಯಲ್ಲಿ ಕತ್ತರಿ, ಕಣ್ಣು ಮಾತ್ರ ಮೇಜಿನ ಮೇಲಿನ ಸೀಮೆಸುಣ್ಣದ ಅಂಕಿಗಳ ಮೇಲೆ.

"ಏನಣ್ಣ, ಎಷ್ಟು ಬಂತು?"

"ನನಗೆಲ್ಲಿ ಬರತ್ತೆ?" ಎಂದ ಟೈಲರ್, ಮೊಣಕೈಯಿಂದ ಮೂವತ್ತೆರಡನ್ನು ಒರೆಸುತ್ತಾ.

"ನಂಗೆ ಹತ್ತಿರ ಹತ್ತಿರ ಬಂದಿದೆ. ಏನೋ ಕೂಡ್ತಾ ಹೋಗ್ಬೇಕು ಅನ್ಸತ್ತೆ," ಎಂದು ಹೇಳಿ ಅವನು ಹೋದ.

ಕೂಡುತ್ತಾ ಹೋದರೆ ಕುರ್ಚಿ ಹೋಯಿತು! ಹಿಂದೆಯೇ ಔಷಧಿ ಅಂಗಡಿಯ ಅಕ್ಕ ಬಂದು, "ಮೊದಲ ಸಾಲು ಕೂಡೋದು ತಾನೇ? ಅಷ್ಟು ಹೇಳಿ ಸಾಕು," ಎಂದಳು. ಬೀದಿಯಿಡೀ ಮೂವತ್ತೆರಡಕ್ಕೆ ಬಂದು ಮುಟ್ಟಿದರೆ ಚೀಟಿಗಳ ರಾಶಿಯಲ್ಲಿ ತನ್ನದನ್ನು ಹುಡುಕುವವರು ಯಾರು?

ಆಗ ಅವನಿಗೆ ಉಪಾಯ ಹೊಳೆಯಿತು. ಬೀದಿಯನ್ನೇ ದಾರಿ ತಪ್ಪಿಸಬೇಕು. ಆದರೆ ಸುಳ್ಳು ಕೂಡ ಮೈಗೆ ಒಪ್ಪುವಂತಿರಬೇಕು. ಎಲ್ಲೂ ಸುಕ್ಕು ಕಾಣಬಾರದು. ಡ್ರೈವಿಂಗ್ ಶಾಲೆಯ ಮಾಸ್ತರರ ಪ್ಯಾಂಟಿನ ಬಟ್ಟೆಯನ್ನು ಹಾಸಿಕೊಂಡು, ಒಂದು ಕೈಯಲ್ಲಿ ಗೆರೆ ಎಳೆಯುತ್ತಾ, ತಲೆಯಲ್ಲಿ ಸುಳ್ಳು ಹೊಲಿಯುತ್ತಾ ಒಂದು ಗಂಟೆ ಕಳೆದ. ಕೊನೆಗೂ ಸಿಕ್ಕಿತು. ಎರಡನ್ನೂ ಗುಣಿಸಿ, ಮೊದಲನೆಯದನ್ನು ಮತ್ತೆ ಕೂಡಿಸುವುದು. ಒಂದೈದಲ ಐದು, ಒಂದು ಕೂಡಿದರೆ ಆರು. ಮೂರು ಮೂರಲ ಒಂಬತ್ತು, ಮೂರು ಕೂಡಿದರೆ ಹನ್ನೆರಡು. ನಾಲ್ಕು ನಾಲ್ಕಲ ಹದಿನಾರು, ನಾಲ್ಕು ಕೂಡಿದರೆ ಇಪ್ಪತ್ತು. ಏಳೈದಲ ಮೂವತ್ತೈದು, ಏಳು ಕೂಡಿದರೆ ನಲವತ್ತೆರಡು!

"ಅಷ್ಟು ಚೆನ್ನಾಗಿ ಹೊಂದ್ತಾ ಇದ್ಯಲ್ಲರೀ," ಎಂದಳು ಹೆಂಡತಿ, "ಅದೇ ಸರಿ ಇರಬಹುದಲ್ವಾ?"

"ಹೊಂದದೆ ಏನು? ಹೊಲಿದವನು ಯಾರು!"

ವಿವರಣೆ ಸಮೇತ ನಲವತ್ತೆರಡನ್ನು ಗ್ರೂಪಿಗೆ ಹಾಕಿದ. ಸರಿಯಾಗಿ ಮೂರು ನಿಮಿಷ ಬಿಟ್ಟು ಅಳಿಸಿ, "ಅಯ್ಯೋ, ಮೇಷ್ಟ್ರಿಗೆ ಕಳಿಸೋದು ತಪ್ಪಿ ಇಲ್ಲಿಗೆ ಬಂತು. ಯಾರೂ ನೋಡ್ಲಿಲ್ಲ ತಾನೇ?" ಎಂದು ಬರೆದ. "ಇಲ್ಲ, ಇಲ್ಲ" ಎಂದು ಮೂವತ್ತು ಜನ ಉತ್ತರಿಸಿದರು. ಕದ್ದ ಮಾಲಿಗೆ ರುಚಿ ಹೆಚ್ಚು ಎಂಬುದು ಟೈಲರ್‌ಗೆ ಗೊತ್ತಿತ್ತು. ಮೇಷ್ಟ್ರು ತಪ್ಪು ತಿಳಿಯದಿರಲಿ ಎಂದು ಅವರಿಗೂ ಬೇರೆಯಾಗಿ ಒಂದು ಸಾಲು ಬರೆದು ಕಳಿಸಿದ.

ಮಧ್ಯಾಹ್ನವಿಡೀ ಬೀದಿಯ ಪ್ರೀತಿ ಉಕ್ಕಿ ಹರಿಯಿತು. ಕ್ಷೌರದವನು ಬಿಟ್ಟಿ ಚಹಾ ತರಿಸಿಕೊಟ್ಟ. ಔಷಧಿ ಅಂಗಡಿಯ ಅಕ್ಕ ಬೆನ್ನುನೋವಿನ ಮುಲಾಮು ಕೊಟ್ಟು ದುಡ್ಡು ಬೇಡವೆಂದಳು. ಕದ್ದವರ ಮುಖದಲ್ಲಿ ಎಂಥ ವಿನಯವಿರುತ್ತದೆ ಎಂದು ಟೈಲರ್ ಒಳಗೊಳಗೇ ನಕ್ಕ.

ನಾಲ್ಕಕ್ಕೆ ಡ್ರೈವಿಂಗ್ ಮಾಸ್ತರರು ಟ್ರಯಲ್‌ಗೆ ಬಂದರು. ಗಾಳಿ ಬೀಸಿದರೆ ಬಾಗುವಷ್ಟು ಸಣಕಲು ಮನುಷ್ಯ. ಪರದೆಯ ಹಿಂದೆ ಪ್ಯಾಂಟ್ ಹಾಕಿಕೊಂಡವರು ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡೇ ಹೊರಬಂದರು.

"ಏನ್ರೀ ಇದು? ನನ್ನ ಸೊಂಟ ಎಷ್ಟು?"

"ಮೂವತ್ತೆರಡು, ಸಾರ್."

"ಇದು ನಲವತ್ತೆರಡಿದೆ! ಇದರೊಳಗೆ ನಾನು, ನನ್ನ ಶಿಷ್ಯ, ಸ್ಟೀರಿಂಗ್, ಮೂವರೂ ಹಿಡಿಸ್ತೀವಿ!"

ಟೈಲರ್ ಬಟ್ಟೆ ನೋಡಿದ. ಸೊಂಟದ ಪಟ್ಟಿಯ ಮೇಲೆ ಅವನದೇ ಕೈಬರಹದಲ್ಲಿ ದಪ್ಪಗೆ 42. ಬೇರೆ ದಿನವಾಗಿದ್ದರೆ ಕುಸಿದುಹೋಗುತ್ತಿದ್ದ. ಇಂದು ಮಾತ್ರ, "ಸೊಂಟ ಬಿಗಿ ಮಾಡೋಣ ಸಾರ್, ನಾಳೆ ಬನ್ನಿ," ಎಂದು ಧೈರ್ಯವಾಗಿ ಹೇಳಿ ಕಳಿಸಿದ. ನಾಳೆ ಆರಾಮ ಕುರ್ಚಿಯಲ್ಲಿ ಕೂತೇ ಹೊಲಿಗೆ ಬಿಚ್ಚಬಹುದಲ್ಲ!

ಆರು ಗಂಟೆಗೆ ಫೋನ್ ಟಿಣ್ ಎಂದಿತು. ಮೇಷ್ಟ್ರ ಸಂದೇಶ: "ಸರಿಯುತ್ತರ 42. ಎರಡನ್ನೂ ಗುಣಿಸಿ ಮೊದಲನೆಯದನ್ನು ಕೂಡಿಸುವುದು. ಮೂವತ್ತೊಂದು ಜನ ಸರಿಯಾಗಿ ಬಿಡಿಸಿದ್ದಾರೆ. ಈ ಬೀದಿಯ ಬುದ್ಧಿ ಕಂಡು ಹೆಮ್ಮೆಯಾಗಿದೆ. ಚೀಟಿಯಲ್ಲಿ ಗೆದ್ದವರು ಕ್ಷೌರದಂಗಡಿಯವರು."

ಟೈಲರ್‌ನ ಕಣ್ಣಿಗೆ ಕತ್ತಲೆ ಕವಿಯಿತು. ಆದರೆ ಸೋಲೊಪ್ಪುವ ಆಸಾಮಿಯಲ್ಲ ಅವನು. ಕೂಡಲೇ ಗ್ರೂಪಿಗೆ ಬರೆದ: "ಮೇಷ್ಟ್ರೇ, ಇದು ಅನ್ಯಾಯ! ನಲವತ್ತೆರಡು ಅಂತ ಎಲ್ಲರಿಗಿಂತ ಮೊದಲು ಹೇಳಿದ್ದೇ ನಾನು. ನೋಡಿದವರು ಎದೆ ಮುಟ್ಟಿಕೊಂಡು ಹೇಳಲಿ!"

ಔಷಧಿ ಅಂಗಡಿಯ ಅಕ್ಕ ಮೊದಲು ಬರೆದಳು: "ನಿಜ ಹೇಳ್ಬೇಕು ಅಂದ್ರೆ, ನಾನು ನೋಡಿ ಬರೆದದ್ದು. ಅಣ್ಣನಿಗೇ ಕುರ್ಚಿ ಸಲ್ಲಬೇಕು." ಕ್ಷೌರದವನೂ, "ಹೌದು, ನಂಗೂ ಮನಸ್ಸು ಒಪ್ತಾ ಇಲ್ಲ. ಅಣ್ಣನೇ ತಗೊಳ್ಳಲಿ," ಎಂದ. ಒಬ್ಬರ ಹಿಂದೊಬ್ಬರು ಒಪ್ಪಿದರು. ಟೈಲರ್‌ನ ಕಣ್ಣು ತುಂಬಿಬಂತು. ಎಂಥ ಜನ!

ಆಗ ಮೇಷ್ಟ್ರು ಬರೆದರು: "ನನಗೂ ಸಂತೋಷವೇ. ಆದರೆ ನಿಯಮ ನಿಯಮವೇ. ಟೈಲರ್ ನನಗೆ ಕಳಿಸಿದ್ದನ್ನು ಇಲ್ಲಿ ಹಾಕುತ್ತೇನೆ, ನೀವೇ ತೀರ್ಮಾನಿಸಿ."

ಅದರ ಕೆಳಗೆ ಟೈಲರ್‌ನದೇ ಸಾಲು ಬಂದು ಕೂತಿತು: "ಮೇಷ್ಟ್ರೇ, ನನ್ನ ಉತ್ತರ ಮೂವತ್ತೆರಡೇ. ಗ್ರೂಪಲ್ಲಿ ಹಾಕಿದ ನಲವತ್ತೆರಡು ಈ ಬೀದಿಯ ದಡ್ಡರಿಗೆ ಹಾಕಿದ ಗಾಳ. ನೀವು ನಕ್ಕು ಸುಮ್ಮನಿರಿ."

ಆಮೇಲೆ ಪಕ್ಕದಂಗಡಿಯ ಬಾಗಿಲು ಧಡಾರೆಂದಿತು. ಎದುರಂಗಡಿಯಿಂದ ಕ್ಷೌರದವನು ಕುರ್ಚಿಯನ್ನು ತಲೆಯ ಮೇಲೆ ಹೊತ್ತು, ಟೈಲರ್ ಅಂಗಡಿಯ ಮುಂದೆ ಬೇಕೆಂದೇ ನಿಧಾನವಾಗಿ ಹಾದುಹೋದ.

ಟೈಲರ್ ಸ್ಟೂಲಿನ ಮೇಲೆ ಕುಕ್ಕರಿಸಿದ. "ಅಲ್ಲ ಕಣೇ, ನಲವತ್ತೆರಡು ಅಂತ ಯಾರಿಗೆ ತಾನೇ ಹೊಳೆದಿರತ್ತೆ? ನಾನು ಸುಮ್ನಿದ್ದಿದ್ರೆ ಒಬ್ಬರಿಗೂ ಬರ್ತಿರ್ಲಿಲ್ಲ!"

"ಒಬ್ಬರಿಗೆ ಬಂದಿತ್ತು," ಎಂದಳು ಹೆಂಡತಿ, ದಾರ ಕಚ್ಚಿ ತುಂಡರಿಸುತ್ತಾ. "ಬೆಳಿಗ್ಗೆ ಒಂಬತ್ತೂಕಾಲಿಗೇ ನಾನು ನಲವತ್ತೆರಡು ಅಂತ ಟೈಪ್ ಮಾಡಿ ಇಟ್ಕೊಂಡಿದ್ದೆ."

"ಮತ್ತೆ... ಕಳಿಸ್ಲಿಲ್ವಾ?"

"ಅಳಿಸಿ ಮೂವತ್ತೆರಡು ಕಳಿಸಿದೆ. ಇಪ್ಪತ್ತು ವರ್ಷದಿಂದ ಲೆಕ್ಕದಲ್ಲಿ ನೀವು ಹುಲಿ ಅಂತ ಕೇಳ್ತಾ ಇದ್ದೀನಲ್ಲ, ಇವತ್ತೊಂದು ದಿನ ನಂಬಿಬಿಟ್ಟೆ."